ಹೊಸ ಮನೆ, ಹೊಸ ಎ.ಸಿ., ಹಾಸಿಗೆ ಮೇಲೆ ನೀರು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಹೊಸ ಮನೆಗೆ ಹೋದವರು ಬೇಸಿಗೆಗೆ ಎ.ಸಿ. ಹಾಕಿಸಿದ್ದಾರೆ, ಅದರ ನೀರು ಹೋಗಬೇಕಾದ ಕಡೆ ಹೋಗದೆ ಬೇಡದ ಕಡೆ ಬರುತ್ತಿದೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಎ.ಸಿ. ನೀರಿಗೇ ಮೀಸಲು. ಬೋರ್‌ವೆಲ್, ಸೋಲಾರ್ ಬಗ್ಗೆ ಕೇಳಿದವರು ಬೇಜಾರು ಮಾಡ್ಕೋಬೇಡಿ, ಮುಂದಿನ ತಿಂಗಳು ನಿಮ್ಮ ಸರದಿ.

ಪ್ರಶ್ನೆ: ನಮಸ್ಕಾರ ಸರ್. ಉಡುಪಿ ಹತ್ತಿರ ಹೊಸ ಮನೆ ಕಟ್ಟಿ ಫೆಬ್ರವರಿಯಲ್ಲಿ ಒಕ್ಕಲು ಮಾಡಿದೆವು. ಮಾರ್ಚ್‌ನಲ್ಲಿ ಮಲಗುವ ಕೋಣೆಗೆ ಒಂದೂವರೆ ಟನ್ ಎ.ಸಿ. ಹಾಕಿಸಿದ್ದೇವೆ. ನೀರಿನ ಪೈಪ್ ಗೋಡೆಯೊಳಗೇ ಇದೆ, ಹೊರಗೆ ಕಾಣುವುದಿಲ್ಲ. ಒಂದು ತಿಂಗಳು ಎಲ್ಲ ಸರಿ ಇತ್ತು. ಈಗ ಎ.ಸಿ.ಯ ಎಡಮೂಲೆಯಿಂದ ಹಾಸಿಗೆಗೆ ನೀರು ತೊಟ್ಟಿಕ್ಕುತ್ತಿದೆ. ಅದರ ಕೆಳಗಿನ ಗೋಡೆಯೂ ಒದ್ದೆಯಾಗಿ ಪೇಂಟ್ ಗುಳ್ಳೆ ಎದ್ದಿದೆ. ಎ.ಸಿ.ಯವನು ಪ್ಲಂಬರ್ ಹಾಕಿದ ಪೈಪ್ ಬ್ಲಾಕ್ ಆಗಿದೆ ಅನ್ನುತ್ತಾನೆ. ಪ್ಲಂಬರ್ ಎ.ಸಿ. ಕೂರಿಸಿದ್ದೇ ಸೊಟ್ಟ ಅನ್ನುತ್ತಾನೆ. ಕಂಟ್ರಾಕ್ಟರ್ ಫೋನೇ ಎತ್ತುವುದಿಲ್ಲ. ಯಾರ ಮಾತು ನಂಬಬೇಕು?

ಉತ್ತರ: ಸದ್ಯಕ್ಕೆ ಯಾರದ್ದೂ ಬೇಡ. ಇಬ್ಬರ ಮಾತೂ ನಿಜ ಇರಬಹುದು, ಅದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಆದರೆ ಮೊದಲು ಆ ಎ.ಸಿ.ಯ ಎಂಸಿಬಿ, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಆಫ್ ಮಾಡಿ. ಎ.ಸಿ. ಪಕ್ಕದಲ್ಲೇ ಅದರ ಪ್ಲಗ್ ಪಾಯಿಂಟ್ ಇರುತ್ತದೆ, ಅಲ್ಲೇ ಗೋಡೆ ಒದ್ದೆ ಅಂದರೆ ಅದು ಪೇಂಟ್‌ಗಿಂತ ದೊಡ್ಡ ಚಿಂತೆ.

ಈಗ ವಿಷಯ. ಎ.ಸಿ. ಒಳಗಿನ ಕಾಯಿಲ್ ಸುಮಾರು ಹತ್ತು ಡಿಗ್ರಿಯಷ್ಟು ತಣ್ಣಗಿರುತ್ತದೆ. ಫ್ರಿಜ್‌ನಿಂದ ಹೊರಗೆ ತೆಗೆದ ನೀರಿನ ಬಾಟಲಿ ಬೆವರುತ್ತದಲ್ಲ, ಹಾಗೇ ಈ ಕಾಯಿಲ್ ಕೂಡ ಕೋಣೆಯ ಗಾಳಿಯಲ್ಲಿರುವ ತೇವದಿಂದ ಬೆವರುತ್ತದೆ. ಆ ನೀರು ಕೆಳಗಿನ ಪ್ಲಾಸ್ಟಿಕ್ ತಟ್ಟೆಗೆ ಬೀಳುತ್ತದೆ. ತಟ್ಟೆಯಿಂದ ಹೆಬ್ಬೆರಳು ಗಾತ್ರದ ಒಂದು ಮೆತ್ತನೆ ಹೋಸ್, ಹೋಸ್‌ನಿಂದ ನಿಮ್ಮ ಗೋಡೆಯೊಳಗಿನ ಪೈಪ್, ಅಲ್ಲಿಂದ ಹೊರಗೆ. ಗೋಡೆಗೆ ಹಾಕುವ ಸಾಮಾನ್ಯ ಎ.ಸಿ.ಯಲ್ಲಿ ಇದಕ್ಕೆ ಪಂಪ್ ಗಿಂಪ್ ಏನೂ ಇರುವುದಿಲ್ಲ. ನೀರು ತನ್ನ ಭಾರಕ್ಕೆ ತಾನೇ ಇಳಿದು ಹೋಗಬೇಕು. ಮೇಸ್ತ್ರಿಗಳು ವಾಟ ಅನ್ನುತ್ತಾರಲ್ಲ, ಆ ಇಳಿಜಾರು ದಾರಿಯುದ್ದಕ್ಕೂ ಇರಬೇಕು. ಎಲ್ಲಾದರೂ ಒಂದು ಕಡೆ ಪೈಪ್ ಬೆನ್ನು ಮೇಲೆತ್ತಿದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ಅದಕ್ಕಿಂತ ಮೊದಲು ಬರುವ ತಗ್ಗಿನಲ್ಲಿ ನೀರು ನಿಂತು ಲೋಳೆ ಕಟ್ಟುತ್ತದೆ.

ನಿಮ್ಮ ಊರಿನಲ್ಲಿ ಈ ನೀರು ಸ್ವಲ್ಪಸ್ವಲ್ಪ ಅಲ್ಲ. ಕರಾವಳಿಯ ಸೆಕೆಯ ರಾತ್ರಿಯಲ್ಲಿ ಒಂದೂವರೆ ಟನ್ ಯಂತ್ರ ಪೂರ್ತಿ ಓಡುತ್ತಿದ್ದರೆ ಗಂಟೆಗೆ ಒಂದೆರಡು ಲೀಟರ್ ಬಂದರೂ ಆಶ್ಚರ್ಯ ಇಲ್ಲ. ಅದರ ಮೇಲೆ ನಿಮ್ಮದು ಹೊಸ ಮನೆ. ಗಾರೆ, ಪ್ಲಾಸ್ಟರ್, ಪುಟ್ಟಿ ಎಲ್ಲ ಕುಡಿದ ನೀರನ್ನು ಗೋಡೆಗಳು ತಿಂಗಳುಗಟ್ಟಲೆ ನಿಧಾನವಾಗಿ ಹೊರಗೆ ಬಿಡುತ್ತಿರುತ್ತವೆ. ಬಾಗಿಲು ಕಿಟಕಿ ಹಾಕಿ ಎ.ಸಿ. ಓಡಿಸಿದಾಗ ಆ ತೇವವನ್ನೂ ಅದೇ ಎಳೆದುಕೊಳ್ಳಬೇಕು. ಮೊದಲ ವರ್ಷ ನೀರು ಜಾಸ್ತಿ ಬರುವುದು ಇದಕ್ಕೇ.

ಪರೀಕ್ಷೆಗೆ ಬರೋಣ. ನಿಮ್ಮದು ಎರಡು ತೊಂದರೆ: ಮೂಲೆಯಿಂದ ತೊಟ್ಟಿಕ್ಕುವುದು ಒಂದು, ಗೋಡೆ ಒದ್ದೆ ಆಗುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡರೆ ಗೊಂದಲ ಶುರು. ಒಂದು ಚೊಂಬು ನೀರಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ತೊಟ್ಟು ಬೆರೆಸಿ. ಕರೆಂಟ್ ಆಫ್ ಇರುವಾಗಲೇ ಎ.ಸಿ. ಮುಂಭಾಗ ತೆಗೆದು, ಫಿಲ್ಟರ್ ಬದಿಗಿಟ್ಟು, ಕಾಯಿಲ್ ಮೇಲೆ ಎಡಗಡೆಯಿಂದ ಸ್ವಲ್ಪಸ್ವಲ್ಪವೇ ನೀರು ಬಿಡಿ. ಸರ್ಕ್ಯೂಟ್ ಬೋರ್ಡ್ ಸಾಮಾನ್ಯವಾಗಿ ಬಲಗಡೆ ಇರುತ್ತದೆ, ಅತ್ತ ಹೋಗಬೇಡಿ. ಕೈ ನಡುಗುವವರು, ಸ್ಟೂಲ್ ಮೇಲೆ ಹತ್ತಲು ಭಯ ಇರುವವರು ಬೇರೆಯವರ ಕೈಲಿ ಮಾಡಿಸಿ, ಸುಮ್ನೆ ಸಾಹಸ ಬೇಡ. ನೀಲಿ ನೀರು ಹೊರಗಿನ ತುದಿಯಲ್ಲಿ ಬೇಗ, ಸರಾಗವಾಗಿ ಬಂದರೆ ದಾರಿ ತೆರೆದಿದೆ ಎಂದು ಅರ್ಥ. ಬರದೆ ಮೂಲೆಯಿಂದ ಸುರಿದರೆ ದಾರಿ ಕಟ್ಟಿದೆ, ಇಲ್ಲವೇ ಯಂತ್ರ ತಪ್ಪು ಕಡೆಗೆ ವಾಲಿದೆ. ಎ.ಸಿ.ಯ ತಲೆ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟರೆ ಅದೂ ಗೊತ್ತಾಗುತ್ತದೆ. ಇನ್ನೊಂದು ಸಣ್ಣ ವಿಷಯ ಇದೆ. ಬಹಳಷ್ಟು ಎ.ಸಿ.ಗಳ ತಟ್ಟೆಗೆ ಎರಡೂ ಬದಿಯಲ್ಲಿ ತೂತು ಇರುತ್ತದೆ, ಹೋಸ್ ಒಂದು ಕಡೆ ಹಾಕಿ ಇನ್ನೊಂದು ಕಡೆಗೆ ರಬ್ಬರ್ ಬಿರಡೆ ಹಾಕಬೇಕು. ಹೋಸ್ ಬದಿ ಬದಲಾಯಿಸುವಾಗ ಆ ಬಿರಡೆಯನ್ನು ಗಟ್ಟಿಯಾಗಿ ಕೂರಿಸುವುದು ಮರೆತು ಹೋಗುತ್ತದೆ. ಒಂದೇ ಮೂಲೆಯಿಂದ ನೀರು ಅಂದಾಗ ನನಗೆ ಮೊದಲು ನೆನಪಾಗುವುದು ಅದೇ ಬಿರಡೆ.

ಗೋಡೆಯದ್ದು ಎರಡನೇ ಪರೀಕ್ಷೆ. ಹೋಸನ್ನು ಗೋಡೆಯ ಪೈಪ್‌ನಿಂದ ಕಳಚಿ. ಹೊರಗಿನ ತುದಿಯನ್ನು ಗಟ್ಟಿಯಾಗಿ ಮುಚ್ಚಿ. ಮೇಲಿನಿಂದ ನೀಲಿ ನೀರು ಬಾಯಿವರೆಗೆ ತುಂಬಿಸಿ ಮಾರ್ಕ್ ಮಾಡಿ, ಎರಡು ಗಂಟೆ ಬಿಡಿ. ಮಟ್ಟ ಇಳಿದರೆ ಗೋಡೆಯೊಳಗೆ ಎಲ್ಲೋ ಸೋರುತ್ತಿದೆ. ಸೊಲ್ಯೂಷನ್ ಸರಿಯಾಗಿ ಹಚ್ಚದ ಜಾಯಿಂಟ್ ಇರಬಹುದು, ಅಥವಾ ಕಾರ್ಪೆಂಟರ್ ವಾರ್ಡ್‌ರೋಬ್ ಕೂರಿಸುವಾಗ ಡ್ರಿಲ್ ಬಿಟ್ಟು ಪೈಪಿಗೇ ತೂತು ಹೊಡೆದಿರಬಹುದು. ಮಟ್ಟ ಇಳಿಯದಿದ್ದರೆ ಪೈಪ್ ಸೋರುತ್ತಿಲ್ಲ, ಬೆವರುತ್ತಿದೆ. 30 ಡಿಗ್ರಿ ಶಾಖ, ಶೇಕಡ 80 ತೇವಾಂಶ ಇರುವ ಗಾಳಿಯಲ್ಲಿ 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವೂ ಬೆವರುತ್ತದೆ. ಎ.ಸಿ. ನೀರು ಅದಕ್ಕಿಂತ ಎಷ್ಟೋ ತಣ್ಣಗೆ. ಗ್ಯಾಸ್ ಓಡಾಡುವ ತಾಮ್ರದ ಪೈಪ್ ಇನ್ನೂ ತಣ್ಣಗೆ. ಅದರ ಮೇಲಿನ ಕಪ್ಪು ರಬ್ಬರ್ ಹೊದಿಕೆ ಒಂದು ಕಡೆ ಹರಿದಿದ್ದರೂ ಸಾಕು, ಆ ಜಾಗದಿಂದ ನೀರು ಗೋಡೆಗುಂಟ ಇಳಿಯುತ್ತದೆ.

ದಾರಿ ಕಟ್ಟಿದ್ದರೆ ತೆಗೆಯುವುದು ಸುಲಭ. ಒದ್ದೆ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಯಾರ ಬಳಿಯಾದರೂ ಇದ್ದರೆ ಹೊರಗಿನ ತುದಿಗೆ ಹಿಡಿದು ಎರಡು ನಿಮಿಷ ಎಳೆಸಿ. ಗಾಳಿ ಊದುವುದಾದರೆ ಹೋಸ್ ಕಳಚಿ, ಒಳಗಿನಿಂದ ಹೊರಗೆ ಊದಬೇಕು. ಹೊರಗಿನಿಂದ ಊದಿದರೆ ಲೋಳೆ ಎಲ್ಲ ಬಂದು ಎ.ಸಿ. ಒಳಗೇ ಕೂರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಕಾಯಿಲ್‌ನ ಅಲ್ಯುಮಿನಿಯಂ ರೆಕ್ಕೆ ಮತ್ತು ತಾಮ್ರ ಎರಡನ್ನೂ ಅದು ತಿನ್ನುತ್ತದೆ.

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ಹೊಸ ಎ.ಸಿ. ಮೂರನೇ ದಿನಕ್ಕೇ ಸೋರಿತು. ಎರಡು ಸಲ ಮೆಕ್ಯಾನಿಕ್ ಬಂದು ಗ್ಯಾಸ್ ಚೆಕ್ ಮಾಡಿ ಹೋದರು. ಕೊನೆಗೆ ಪೈಪ್‌ನಲ್ಲಿ ತಂತಿ ಬಿಟ್ಟು ಎಳೆದರೆ ನಿಂಬೆಹಣ್ಣಿನ ಗಾತ್ರದ ಒಣಗಿದ ಪುಟ್ಟಿ ಉಂಡೆ ಬಂತು. ಬಾಯಿ ತೆರೆದಿದ್ದ ಪೈಪ್, ಪಕ್ಕದಲ್ಲಿ ಪುಟ್ಟಿ ಬಳಿಯುತ್ತಿದ್ದ ಹುಡುಗ, ಇನ್ನೇನಾಗುತ್ತದೆ? ಯಾರನ್ನೂ ಬೈಯುವ ಹಾಗಿರಲಿಲ್ಲ. ಪೈಪ್ ಹಾಕಿದವನು ಬಾಯಿ ಮುಚ್ಚಿ ಹೋಗಿರಲಿಲ್ಲ, ಎ.ಸಿ. ಹಾಕಿದವನು ನೀರು ಹಾಕಿ ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ಪೈಪ್ ಯಾರ ಕೆಲಸದ ಲೆಕ್ಕಕ್ಕೂ ಬರುವುದಿಲ್ಲ ನೋಡಿ. ಪ್ಲಂಬರ್‌ಗೆ ಅದು ಎ.ಸಿ.ಯದ್ದು, ಎ.ಸಿ.ಯವರಿಗೆ ಅದು ಪ್ಲಂಬರ್‌ದು. ನಿಮ್ಮ ಜಗಳವೂ ಅದೇ ಅಲ್ವಾ?

ಗೋಡೆಯೊಳಗಿನ ಪೈಪೇ ಸೋರುತ್ತಿದ್ದರೆ ಇಡೀ ಗೋಡೆ ಒಡೆಸಬೇಡಿ. ಆ ಪೈಪನ್ನು ಹಾಗೇ ಬಿಟ್ಟುಬಿಡಿ. ಎ.ಸಿ. ಹಿಂದಿನಿಂದಲೇ ಹೊರಗೋಡೆಗೆ ತೂತು ಹೊಡೆಸಿ ಬೇರೆ ಪೈಪ್ ಇಳಿಸಿ. ಹೊರಗೋಡೆ ಇಲ್ಲವಾದರೆ ಬಿಳಿ ಕೇಸಿಂಗ್ ಪಟ್ಟಿಯೊಳಗೆ ಗೋಡೆ ಮೇಲೇ ಹಾಕಿಸಿ. ನೋಡಲು ಅಷ್ಟು ಚೆಂದ ಇರುವುದಿಲ್ಲ, ಆದರೆ ಕೆಟ್ಟರೆ ಕೈಗೆ ಸಿಗುತ್ತದೆ. ಮತ್ತೆ ಪೇಂಟ್‌ಗೆ ಅವಸರ ಬೇಡ. ಒದ್ದೆ ಗೋಡೆಗೆ ಪುಟ್ಟಿ ಬಳಿದರೆ ಮತ್ತೆ ಗುಳ್ಳೆ ಏಳುತ್ತದೆ, ಮಳೆಗಾಲದಲ್ಲಿ ನಿಮ್ಮ ಕಡೆ ಗೋಡೆ ಒಣಗುವುದೂ ಇಲ್ಲ. ದೀಪಾವಳಿ ಹೊತ್ತಿಗೆ ಮಾಡಿಸಿ.

ಪ್ರಶ್ನೆ: ನಾವು ಕಲಬುರಗಿಯವರು. ಮಂಗಳೂರಿನಲ್ಲಿರುವ ನನ್ನ ತಂಗಿ ಮನೆಯ ಎ.ಸಿ. ರಾತ್ರಿಗೆ ಬಕೆಟ್‌ಗಟ್ಟಲೆ ನೀರು ಬಿಡುತ್ತದೆ. ನಮ್ಮದು ಅದೇ ಕಂಪನಿ, ಅದೇ ಮಾಡೆಲ್. ಮೇ ತಿಂಗಳಲ್ಲಿ ಒಂದು ಹನಿ ಸಹ ಬಂದಿಲ್ಲ. ಗ್ಯಾಸ್ ಹೋಗಿದೆಯಾ?

ಉತ್ತರ: ಕೋಣೆ ತಣ್ಣಗಾಗುತ್ತಿದೆ ತಾನೇ? ಹಾಗಾದರೆ ಗ್ಯಾಸ್ ಎಲ್ಲೂ ಹೋಗಿಲ್ಲ. ನಿಮ್ಮ ಊರಿನ ಗಾಳಿಯಲ್ಲಿ ನೀರೇ ಇಲ್ಲ, ಎ.ಸಿ. ಎಲ್ಲಿಂದ ತರಬೇಕು?

ಲೆಕ್ಕ ನೋಡಿ. ಮಧ್ಯಾಹ್ನ 40 ಡಿಗ್ರಿ, ತೇವಾಂಶ ಶೇಕಡ 20 ಅಂತ ಇಟ್ಟುಕೊಂಡರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಿನ ಆವಿ ಇರುತ್ತದೆ. 25 ಡಿಗ್ರಿಯ ಹಿತವಾದ ಕೋಣೆಯ ಗಾಳಿಯಲ್ಲೂ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ, 11 ಗ್ರಾಂ ಆಸುಪಾಸು. ಅಂದರೆ ತೆಗೆಯಲು ಏನೂ ಇಲ್ಲ. ತಂಗಿಯ ಊರಿನಲ್ಲಿ 30 ಡಿಗ್ರಿ, ಶೇಕಡ 80 ಅಂದರೆ ಅದೇ ಗಾಳಿಯಲ್ಲಿ 24 ಗ್ರಾಂ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಗಾಳಿ ಒಂದು ಸಲ ಪೂರ್ತಿ ಬದಲಾದರೆ 400 ಗ್ರಾಂಗಿಂತ ಜಾಸ್ತಿ ನೀರು ಹೊರಬೀಳಬೇಕು. ಬಾಗಿಲು ಸಂದಿಯಿಂದ, ಯಾರೋ ಒಳಗೆ ಹೊರಗೆ ಓಡಾಡುವುದರಿಂದ ಗಾಳಿ ಬದಲಾಗುತ್ತಲೇ ಇರುತ್ತದೆ. ಬಕೆಟ್ ತುಂಬದೆ ಇನ್ನೇನು!

ಹಾಗೆ ನೋಡಿದರೆ ಈ ಯಂತ್ರ ಹುಟ್ಟಿದ್ದೇ ತೇವ ತೆಗೆಯಲು. 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರ ಅಂತ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ರೂಪಿಸಿದ್ದು ಈ ವ್ಯವಸ್ಥೆ. ಜನರ ಸೆಕೆ ಆಮೇಲಿನ ಮಾತು.

ಆದರೆ ನಿಮಗೂ ಒಂದು ಎಚ್ಚರಿಕೆ. ನಿಮ್ಮ ಪೈಪ್ ಸರಿ ಇದೆಯಾ ಇಲ್ಲವಾ ಎಂಬುದು ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಜೂನ್‌ನಲ್ಲಿ ಒಂದು ಮಳೆ ಬಿದ್ದು ಧಗೆ ಎದ್ದ ರಾತ್ರಿ ಇದ್ದಕ್ಕಿದ್ದ ಹಾಗೆ ನೀರು ಶುರುವಾಗುತ್ತದೆ. ಅಷ್ಟರಲ್ಲಿ ಎ.ಸಿ. ಹಾಕಿದ ಹುಡುಗ ನಿಮ್ಮ ಮನೆಯ ದಾರಿಯನ್ನೇ ಮರೆತಿರುತ್ತಾನೆ. ಮೇಲೆ ಹೇಳಿದ ಚೊಂಬಿನ ಪರೀಕ್ಷೆ ಈಗಲೇ ಮಾಡಿಬಿಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಹೊಸ ಫ್ಲಾಟ್ ತಗೊಂಡಿದ್ದೇವೆ. ಎ.ಸಿ. ಪಾಯಿಂಟ್, ನೀರಿನ ಪೈಪ್ ಎಲ್ಲ ಬಿಲ್ಡರೇ ಕೊಟ್ಟಿದ್ದು. ನೀರು ಸೋರುವುದಿಲ್ಲ, ಆದರೆ ಎರಡು ಮೂರು ವಾರ ಎ.ಸಿ. ಹಾಕದೆ ಇದ್ದರೆ ಕೋಣೆಯಲ್ಲಿ ಚರಂಡಿ ವಾಸನೆ. ಒಂದು ಸಲ ಎ.ಸಿ. ಒಳಗಿನಿಂದ ಜಿರಳೆ ಬಂತು. ನನ್ನ ಅತ್ತೆ ಈಗ ಆ ಕೋಣೆಯಲ್ಲಿ ಮಲಗುವುದಿಲ್ಲ.

ಉತ್ತರ: ಅತ್ತೆಯವರು ಸರಿಯಾಗೇ ಮಾಡಿದ್ದಾರೆ. ನಿಮ್ಮ ಎ.ಸಿ.ಯ ಪೈಪನ್ನು ಬಾತ್‌ರೂಮ್ ನೀರು ಹೋಗುವ ಪೈಪಿಗೆ ಸೇರಿಸಿದ್ದಾರೆ, ಇದು ಹೆಚ್ಚುಕಡಿಮೆ ಖಚಿತ. ಬಾತ್‌ರೂಮ್ ನೆಲದ ಜಾಲರಿ ಕೆಳಗೆ ಟ್ರ್ಯಾಪ್ ಇರುತ್ತದೆ, ಅದರಲ್ಲಿ ಸದಾ ಒಂದಿಷ್ಟು ನೀರು ನಿಂತು ಚರಂಡಿಯ ಗಾಳಿ ಮೇಲೆ ಬರದ ಹಾಗೆ ತಡೆಯುತ್ತದೆ. ಎ.ಸಿ. ಪೈಪ್ ಆ ಟ್ರ್ಯಾಪ್‌ಗಿಂತ ಮೇಲೆ, ಜಾಲರಿಯ ಹತ್ತಿರ ಬಂದು ಬಿದ್ದರೆ ತೊಂದರೆ ಇಲ್ಲ. ಟ್ರ್ಯಾಪ್ ದಾಟಿದ ಮೇಲೆ ನೇರವಾಗಿ ಸೇರಿಸಿದ್ದರೆ ಚರಂಡಿಗೂ ನಿಮ್ಮ ಹಾಸಿಗೆಗೂ ನಡುವೆ ತೆರೆದ ಬಾಗಿಲು ಇದ್ದ ಹಾಗೆ. ನಿಮ್ಮಲ್ಲಿ ಎ.ಸಿ. ಓಡಿದಾಗ ವಾಸನೆ ಇಲ್ಲ, ನಿಲ್ಲಿಸಿ ವಾರಗಳಾದ ಮೇಲೆ ಬರುತ್ತದೆ ಅಂದರೆ ಬಹುಶಃ ಎಲ್ಲೋ ಒಂದು ಸಣ್ಣ ಬಾಗು ಟ್ರ್ಯಾಪ್‌ನಂತೆ ಕೆಲಸ ಮಾಡುತ್ತಿದೆ, ಅದರ ನೀರು ಒಣಗಿದಾಗ ವಾಸನೆ ಏಳುತ್ತದೆ. ಸದ್ಯಕ್ಕೆ ವಾರಕ್ಕೊಮ್ಮೆ ಎ.ಸಿ.ಯ ಹೋಸ್ ಸೇರುವ ಕಡೆ ಅರ್ಧ ಲೋಟ ನೀರು ಹಾಕಿ, ವಾಸನೆ ನಿಲ್ಲುತ್ತದೆ. ಶಾಶ್ವತವಾಗಿ ಆಗಬೇಕೆಂದರೆ ಆ ಪೈಪನ್ನು ಚರಂಡಿಯಿಂದ ಬಿಡಿಸಿ ಬಾಲ್ಕನಿಯ ಅಥವಾ ಯುಟಿಲಿಟಿಯ ಜಾಲರಿ ಮೇಲೆ, ಗಾಳಿಯಲ್ಲಿ ಅಂತರ ಬಿಟ್ಟು, ಬೀಳುವ ಹಾಗೆ ಮಾಡಬೇಕು.

ಬಿಲ್ಡರ್ ಹಾಕಿದ ಪೈಪ್ ಅಂದಿರಲ್ಲ, ಅದು ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಅನ್ವಯಿಸುವ ಯೋಜನೆಯಾದರೆ, ಫ್ಲಾಟ್ ವಶಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕೆಲಸದಲ್ಲಿ ದೋಷ ಕಂಡು ನೀವು ತಿಳಿಸಿದರೆ 30 ದಿನದೊಳಗೆ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಬಾಯಿಮಾತು ಬೇಡ. ಫೋಟೊ ಹಾಕಿ ಇಮೇಲ್ ಕಳಿಸಿ, ತಾರೀಕು ದಾಖಲಾಗಲಿ.

ಪ್ರಶ್ನೆ: ಮೇಲಿನ ಮನೆಯವರ ಎ.ಸಿ. ನೀರು ನಮ್ಮ ಕಿಟಕಿ ಮೇಲಿನ ತಗಡಿಗೆ ರಾತ್ರಿಯಿಡೀ ಟಪ್ ಟಪ್ ಅಂತ ಬೀಳುತ್ತದೆ. ಹೇಳಿದರೆ ನೀರು ತಾನೆ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಇದಕ್ಕೆ ಬೇಕಾಗಿರುವುದು ಹತ್ತು ಅಡಿ ಪೈಪ್ ಮತ್ತು ನಾಲ್ಕು ಕ್ಲಾಂಪ್. ಜಗಳಕ್ಕೆ ಹೋಗುವ ಮೊದಲು ಒಂದು ಬೆಳಿಗ್ಗೆ ಅವರನ್ನು ಕಾಫಿಗೆ ಕರೆದು ಆ ಸದ್ದು ಕೇಳಿಸಿ. ಮೇಲಿನವರಿಗೆ ಅದು ನಿಜವಾಗಿಯೂ ಕೇಳಿಸುವುದಿಲ್ಲ. ಆಗಲೂ ಬಗ್ಗದಿದ್ದರೆ ಅಸೋಸಿಯೇಷನ್‌ಗೆ ಬರೆದು ಕೊಡಿ, ಬರೆಯುವಾಗ ಸದ್ದಿನ ಜೊತೆ ಸೊಳ್ಳೆ ವಿಷಯವನ್ನೂ ಸೇರಿಸಿ. ಸಜ್ಜದ ಮೇಲೆ ನಿಂತ ಎ.ಸಿ. ನೀರು ತಿಳಿಯಾಗಿರುತ್ತದೆ, ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆ ಇಡಲು ಬೇಕಾದದ್ದೇ ಅಂಥ ನೀರು, ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಸದ್ದು ನಿಮ್ಮೊಬ್ಬರ ತೊಂದರೆ, ಸೊಳ್ಳೆ ಎಲ್ಲರದ್ದು. ಅಸೋಸಿಯೇಷನ್‌ನವರು ಅಲ್ಲಿಗೆ ಏಳುತ್ತಾರೆ. ಅಲ್ಲಿಯವರೆಗೆ ತಗಡಿನ ಮೇಲೆ ಒಂದು ಹಳೆಯ ಕಾಲೊರೆಸು ಹಾಸಿ, ನಿದ್ದೆಯಾದರೂ ಬರಲಿ.

ಪ್ರಶ್ನೆ: ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಪ್ಲಾಸ್ಟರ್ ಇನ್ನೂ ಆಗಿಲ್ಲ. ಈಗ ಎ.ಸಿ. ಬೇಡ, ಮುಂದೆ ಎರಡು ಕೋಣೆಗೆ ಹಾಕಿಸಬಹುದು. ಪೈಪ್ ಈಗಲೇ ಬಿಡಬೇಕಾ?

ಉತ್ತರ: ಬಿಡಿ. ಎಲ್ಲರೂ ನಿಮ್ಮಷ್ಟು ಬೇಗ ಕೇಳಿದ್ದರೆ ನನಗೆ ಈ ಅಂಕಣದಲ್ಲಿ ಬೇರೆ ವಿಷಯ ಬರೆಯಲು ಜಾಗ ಸಿಗುತ್ತಿತ್ತು.

ಮೊದಲು ಎ.ಸಿ. ಎಲ್ಲಿ ಕೂರುತ್ತದೆ ಎಂದು ತೀರ್ಮಾನಿಸಿ. ಸಾಧ್ಯವಾದರೆ ಹೊರಗೋಡೆಗೇ ಕೂರಿಸಿ. ಆಗ ಗೋಡೆಯೊಳಗೆ ಪೈಪೇ ಬೇಡ, ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಒಂದು ತೂತು ಸಾಕು. ಒಳಗಿನ ಗೋಡೆಗೇ ಬೇಕೆಂದರೆ ಮಾತ್ರ ಪೈಪ್ ಹೂಳುವ ಮಾತು. ಆಗ ಒಂದು ಇಂಚಿನ ಪಿವಿಸಿ ಪೈಪ್ ಹಾಕಿಸಿ. ಎ.ಸಿ. ಜೊತೆ ಬರುವ ಸುರುಳಿ ಸುರುಳಿಯ ಮೆತ್ತನೆ ಪೈಪನ್ನು ಗೋಡೆಯೊಳಗೆ ಹೂಳಲು ಬಿಡಬೇಡಿ. ಗಾರೆ ಭಾರಕ್ಕೆ ಅದು ಚಪ್ಪಟೆಯಾಗುತ್ತದೆ, ಒಳಗಿನ ಸುರುಳಿಗಳಲ್ಲಿ ಲೋಳೆ ನಿಲ್ಲುತ್ತದೆ. ವಾಟ ಕನಿಷ್ಠ ಅಂದರೂ ಮೀಟರಿಗೆ ಒಂದು ಸೆಂಟಿಮೀಟರ್ ಇರಬೇಕು. ನಾನು ಹತ್ತು ಅಡಿಗೆ ಎರಡು ಇಂಚು ಕೇಳುತ್ತೇನೆ, ಯಾಕೆಂದರೆ ಎರಡು ಇಂಚು ಕೇಳಿದರೆ ಒಂದೂಕಾಲು ಇಂಚು ಸಿಗುತ್ತದೆ. ತಿರುವಿನಲ್ಲಿ ನೇರ ಎಲ್ಬೋ ಬದಲು ಉದ್ದ ಬಾಗಿನ ಬೆಂಡ್ ಹಾಕಿದರೆ ಮುಂದೆ ತಂತಿ ಬಿಟ್ಟು ಕ್ಲೀನ್ ಮಾಡಬಹುದು. ಪೈಪ್ ಸುತ್ತ ತೆಳ್ಳನೆಯ ರಬ್ಬರ್ ಹೊದಿಕೆ ಇರಲಿ, ಮೈಸೂರಿನ ಹವೆಗೆ ಅಷ್ಟು ಸಾಕು. ಕಟಿಂಗ್ ಹೊಡೆಯುವವರು ದಾರಿ ಹತ್ತಿರ ಆಗಲಿ ಅಂತ ಬೀಮ್, ಪಿಲ್ಲರ್ ಮೇಲೆ ಮಷೀನ್ ಇಡುತ್ತಾರೆ. ಅಲ್ಲಿ ನೀವೇ ನಿಂತು ತಡೆಯಬೇಕು. ಎ.ಸಿ. ನೀರಿಗಾಗಿ ಕಂಬಿ ಕಡಿದ ಮನೆ ನಾನು ನೋಡಿದ್ದೇನೆ, ಅದು ಬೇರೆಯೇ ಕಥೆ.

ಪೈಪ್ ಕೂತ ಮೇಲೆ, ಗಾರೆ ಮುಚ್ಚುವ ಮೊದಲು, ನೀರು ಹಾಕಿ ನೋಡಿ. ತುದಿ ಮುಚ್ಚಿ ತುಂಬಿಸಿ ರಾತ್ರಿಯಿಡೀ ಬಿಟ್ಟರೆ ಸೋರುವುದು ಗೊತ್ತಾಗುತ್ತದೆ. ಬೆಳಿಗ್ಗೆ ತುದಿ ತೆಗೆದು, ಮೇಲಿನಿಂದ ಒಂದು ಚೊಂಬು ಸುರಿದು, ಕೆಳಗೆ ಒಂದು ಚೊಂಬು ಬಂತಾ ಅಳೆಯಿರಿ. ಕಡಿಮೆ ಬಂದರೆ ಉಳಿದದ್ದು ಎಲ್ಲೋ ತಗ್ಗಿನಲ್ಲಿ ನಿಂತಿದೆ, ಅಂದರೆ ಅಲ್ಲಿ ವಾಟ ಇಲ್ಲ. ಆಗಲೇ ಎತ್ತಿಸಿ. ಈ ಕೆಲಸ ಮುಗಿಯುವವರೆಗೆ ಪ್ಲಂಬರ್‌ಗೆ ಕೊನೆಯ ಕಂತು ಕೊಡಬೇಡಿ. ಆಮೇಲೆ ಎರಡೂ ಬಾಯಿಗೆ ಕ್ಯಾಪ್ ಹಾಕಿಸಿ. ಸಿಮೆಂಟ್ ಚೀಲದ ಕಾಗದ ತುರುಕುತ್ತಾರೆ, ಅದು ಕ್ಯಾಪ್ ಅಲ್ಲ, ಅದೇ ಒಳಗೆ ಜಾರಿ ಅಡ್ಡ ಕೂರುತ್ತದೆ. ಕೊನೆಗೆ ಗೋಡೆಗೆ ಅಳತೆ ಟೇಪ್ ಹಿಡಿದು ಪೈಪ್ ಹೋಗುವ ದಾರಿಯ ಫೋಟೊ ತೆಗೆದಿಡಿ. ಕಾರ್ಪೆಂಟರ್ ಡ್ರಿಲ್ ಎತ್ತಿಕೊಂಡು ಬಂದ ದಿನ ಆ ಫೋಟೊ ತೋರಿಸಿ.

ನೀರು ಕೊನೆಗೆ ಎಲ್ಲಿ ಬೀಳಬೇಕು ಅಂತ ಕೇಳಿಲ್ಲ ನೀವು. ಗಿಡದ ಪಾತಿಗೆ ಬಿದ್ದರೆ ಒಳ್ಳೆಯದು. ತಾರಸಿ ಮಳೆನೀರಿನ ಪೈಪಿಗೆ ಸೇರಿಸುವುದು ನನಗೆ ಇಷ್ಟವಿಲ್ಲ, ಜೋರು ಮಳೆಗೆ ಆ ಪೈಪ್ ತುಂಬಿದಾಗ ನೀರು ಹಿಂದಕ್ಕೆ ಎ.ಸಿ. ಕಡೆಗೆ ಬರುವುದುಂಟು.

ಪ್ರಶ್ನೆ: ಅಬುಧಾಬಿಯಲ್ಲಿದ್ದೇನೆ. ಕುಂದಾಪುರದಲ್ಲಿ ಮನೆ ಆಗುತ್ತಿದೆ. ಇಲ್ಲಿಯ ಹಾಗೆ ಫಾಲ್ಸ್ ಸೀಲಿಂಗ್ ಒಳಗೆ ಡಕ್ಟ್ ಎ.ಸಿ. ಹಾಕಿಸುವ ಆಸೆ. ನಾವು ಬರುವುದು ವರ್ಷಕ್ಕೆ ಒಂದು ತಿಂಗಳು.

ಉತ್ತರ: ಹಾಕಿಸಬಹುದು, ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಹಾಕಿಸುತ್ತಿರಲಿಲ್ಲ. ಅಲ್ಲಿ ಕಟ್ಟಡ ನೋಡಿಕೊಳ್ಳಲು ಜನ ಇರುತ್ತಾರೆ. ಇಲ್ಲಿ ಹನ್ನೊಂದು ತಿಂಗಳು ಬೀಗ. ಆ ಅವಧಿಯಲ್ಲಿ ಟ್ರ್ಯಾಪ್ ನೀರು ಒಣಗುತ್ತದೆ, ಪೈಪ್‌ನಲ್ಲಿ ಇರುವೆ ಮಣ್ಣು ತುಂಬುತ್ತದೆ, ಕಣಜ ಗೂಡು ಕಟ್ಟುತ್ತದೆ. ನೀವು ಬಂದ ರಾತ್ರಿ ಎ.ಸಿ. ಹಾಕಿದರೆ ಬೆಳಿಗ್ಗೆ ಸೀಲಿಂಗ್‌ನ ಜಿಪ್ಸಮ್ ಬೋರ್ಡ್ ಮೇಲೆ ಕಂದು ನಕಾಶೆ.

ಆದರೂ ಬೇಕು ಅಂದರೆ ಇಷ್ಟನ್ನು ಪಟ್ಟು ಹಿಡಿದು ಮಾಡಿಸಿ. ಯಂತ್ರದ ಕೆಳಗೆ ಇನ್ನೊಂದು ತಟ್ಟೆ, ಅದಕ್ಕೆ ಬೇರೆಯೇ ಪೈಪ್. ಆ ತಟ್ಟೆಯಲ್ಲಿ ನೀರು ನಿಂತರೆ ಎ.ಸಿ. ತಾನೇ ಆಫ್ ಆಗುವ ಫ್ಲೋಟ್ ಸ್ವಿಚ್. ಒಬ್ಬ ಮನುಷ್ಯ ತಲೆ, ಎರಡು ಕೈ ತೂರಿಸುವಷ್ಟು ದೊಡ್ಡ ಬಾಗಿಲು ಸೀಲಿಂಗ್‌ನಲ್ಲಿ. ಮತ್ತೆ ಪೈಪ್‌ಗೆ ಯು ಆಕಾರದ ಟ್ರ್ಯಾಪ್. ಡಕ್ಟ್ ಎ.ಸಿ.ಯ ಫ್ಯಾನ್ ಕಾಯಿಲ್ ಮೂಲಕ ಗಾಳಿ ಎಳೆಯುವಾಗ ಪೈಪ್‌ನಿಂದಲೂ ಗಾಳಿ ಎಳೆಯುತ್ತದೆ, ಟ್ರ್ಯಾಪ್ ಇಲ್ಲದಿದ್ದರೆ ತಟ್ಟೆಯ ನೀರು ಇಳಿಯದೆ ಅಲ್ಲೇ ಕುದಿಯುವ ಹಾಗೆ ಕುಣಿಯುತ್ತದೆ, ಎ.ಸಿ. ಆಫ್ ಮಾಡಿದ ತಕ್ಷಣ ಗಳಗಳ ಅಂತ ಇಳಿಯುತ್ತದೆ. ಹಾಗೆ ಆಗುತ್ತಿದ್ದರೆ ಟ್ರ್ಯಾಪ್ ಇಲ್ಲ ಎಂದೇ ತಿಳಿಯಿರಿ. ಬರುವ ಒಂದು ವಾರ ಮೊದಲು ಊರಿನಲ್ಲಿರುವ ಯಾರಿಗಾದರೂ ಹೇಳಿ ಟ್ರ್ಯಾಪ್‌ಗೆ ನೀರು ಹಾಕಿಸಿ, ಪೈಪ್ ಊದಿಸಿ ಇಡಿ.

ಪ್ರಶ್ನೆ: ಎ.ಸಿ. ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಾ? ಡಿಸ್ಟಿಲ್ಡ್ ವಾಟರ್ ಇದ್ದ ಹಾಗೇ ಅಂತ ದಾವಣಗೆರೆಯ ನಮ್ಮ ಅಂಗಡಿಯವರು ಹೇಳಿದರು.

ಉತ್ತರ: ಕಾಯಿಲ್ ಮೇಲೆ ಹುಟ್ಟುವಾಗ ಹಾಗೇ ಇರುತ್ತದೆ, ಬಕೆಟ್‌ಗೆ ಬರುವಾಗ ಇರುವುದಿಲ್ಲ. ದಾರಿಯಲ್ಲಿ ಕಾಯಿಲ್‌ನ ಧೂಳು, ಲೋಹದ ಅಂಶ, ತಟ್ಟೆಯ ಲೋಳೆ ಎಲ್ಲ ಸೇರುತ್ತದೆ. ಸಾವಿರಾರು ರೂಪಾಯಿಯ ಬ್ಯಾಟರಿಗೆ ಒಂದು ಕ್ಯಾನ್ ನೀರಿನ ದುಡ್ಡು ಉಳಿಸಲು ಹೋಗಬೇಡಿ. ಕುಡಿಯುವುದಂತೂ ಬೇಡವೇ ಬೇಡ. ನೆಲ ಒರೆಸಿ, ಗಿಡಕ್ಕೆ ಹಾಕಿ, ಗೇಟ್ ಮುಂದೆ ಚಿಮುಕಿಸಿ.

ಪ್ರಶ್ನೆ: ಹೊಸ ಎ.ಸಿ., ಆರು ತಿಂಗಳೂ ಆಗಿಲ್ಲ. ಮಕ್ಕಳು 16ಕ್ಕೆ ಇಟ್ಟು ಮಲಗುತ್ತಾರೆ. ಬೆಳಗಿನ ಜಾವ ಆಫ್ ಮಾಡಿದ ಮೇಲೆ ಧಾರಾಕಾರ ನೀರು ಬೀಳುತ್ತದೆ. ಪೈಪ್ ಸರಿ ಇದೆ, ನೀರು ಹಾಕಿ ನೋಡಿದ್ದೇನೆ.

ಉತ್ತರ: ಆಫ್ ಮಾಡಿದ ಮೇಲೆ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಕಾಯಿಲ್ ಮೇಲೆ ಐಸ್ ಕಟ್ಟಿ, ಕರಗಿ, ತಟ್ಟೆ ಹಿಡಿಯಲಾರದಷ್ಟು ನೀರು ಒಂದೇ ಸಲ ಬರುತ್ತಿದೆ. ಐಸ್ ಕಟ್ಟುವುದು ಗಾಳಿ ಸಾಲದಾಗ ಅಥವಾ ಗ್ಯಾಸ್ ಕಡಿಮೆಯಾದಾಗ. ಮೊದಲು ಫಿಲ್ಟರ್ ತೆಗೆದು ನೋಡಿ. ಹೊಸ ಮನೆಯಲ್ಲಿ ಮರದ ಕೆಲಸ ನಡೆಯುವಾಗ ಎ.ಸಿ. ಓಡಿಸಿದ್ದರೆ ಫಿಲ್ಟರ್ ಮೇಲೆ ಹಿಟ್ಟಿನ ಹಾಗೆ ಪುಡಿ ಕೂತಿರುತ್ತದೆ, ಆರು ತಿಂಗಳು ಬೇಕಾಗಿಲ್ಲ. ತೊಳೆದ ಮೇಲೂ ಐಸ್ ಕಟ್ಟಿದರೆ ಕಂಪನಿಯವರನ್ನು ಕರೆಸಿ, ವಾರಂಟಿ ಇದೆ. ಇನ್ನು 16ರ ವಿಷಯ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎ.ಸಿ.ಗಳು ಆನ್ ಆದಾಗ 24ರಲ್ಲೇ ಇರಬೇಕೆಂದು ಕೇಂದ್ರದ ನಿಯಮ ಇದೆ. ಅದನ್ನು ಒತ್ತಿ ಒತ್ತಿ ಇಳಿಸುವ ಮಕ್ಕಳಿಗೆ ಯಾವ ನಿಯಮ ಇದೆಯೋ ನನಗೆ ಗೊತ್ತಿಲ್ಲ, ರಿಮೋಟ್ ಎತ್ತಿಡಿ.

ಪ್ರಶ್ನೆ: ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಅದರೊಳಗೆ ಪೈಪ್ ಬಿಟ್ಟಿದ್ದೇವೆ. ಅರ್ಧ ಬಕೆಟ್ ತುಂಬುವವರೆಗೆ ಸರಿ ಇರುತ್ತದೆ, ಆಮೇಲೆ ಒಳಗೆ ಸೋರುತ್ತದೆ. ಯಾಕೆ?

ಉತ್ತರ: ಪೈಪ್ ತುದಿ ನೀರಿನಲ್ಲಿ ಮುಳುಗಿದ ಕೂಡಲೇ ಪೈಪ್ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಮೇಲಿನ ನೀರು ಕೆಳಗೆ ಇಳಿಯುವುದಿಲ್ಲ. ತುದಿಯನ್ನು ಕತ್ತರಿಸಿ ಬಕೆಟ್‌ನ ಬಾಯಿಗಿಂತ ನಾಲ್ಕು ಬೆರಳು ಮೇಲೆ ನಿಲ್ಲಿಸಿ. ಬಕೆಟ್ ಖಾಲಿ ಮಾಡುವುದು ಯಾರು ಅನ್ನುವುದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ, ಅದನ್ನು ನನಗೆ ಬರೆಯಬೇಡಿ.